ಹಳೆಯ ಹಸಿರುಮನೆಯನ್ನು ಬಿಚ್ಚಿ ಸಾಗಿಸುವುದು: ಬಿಡಿಬಿಡಿಯಾಗಿಯೋ, ಗೋಡೆಗೋಡೆಯಾಗಿಯೋ, ಇಡಿಯಾಗಿಯೋ?

ಬಳಸಿದ ಹಸಿರುಮನೆಗಳು ಕಡಿಮೆ ಬೆಲೆಗೆ, ಕೆಲವೊಮ್ಮೆ ಬಿಟ್ಟಿಯಾಗಿಯೇ ಸಿಗುತ್ತವೆ. ಷರತ್ತು ಒಂದೇ: ಬಿಚ್ಚಿಕೊಂಡು ಹೋಗುವ ಕೆಲಸ ಕೊಂಡವರದ್ದು. ಗೊಂದಲ ಶುರುವಾಗುವುದೂ ಅಲ್ಲಿಂದಲೇ. ಒಂದೊಂದು ಪಟ್ಟಿಯನ್ನೂ ಬಿಡಿಸಿ ಕಂತೆ ಕಟ್ಟಿ ಒಯ್ಯಬೇಕೇ? ನಾಲ್ಕು ಗೋಡೆಗಳನ್ನು ಇದ್ದ ಹಾಗೇ ಕಳಚಬೇಕೇ? ಗಾಜು ತೆಗೆದು ಚೌಕಟ್ಟನ್ನು ಇಡಿಯಾಗಿ ಎತ್ತಿಬಿಡಬೇಕೇ? ಇಲ್ಲ, ಬಲ್ಲವರಿಗೆ ಕೂಲಿ ಕೊಟ್ಟು ಒಪ್ಪಿಸಿಬಿಡುವುದೇ ಒಳ್ಳೆಯದೇ?

ಹೆಚ್ಚಿನವರು ಬಿಚ್ಚುವ ಶ್ರಮವನ್ನಷ್ಟೇ ಲೆಕ್ಕ ಹಾಕುತ್ತಾರೆ. ಆದರೆ ಅರ್ಧ ದಿನದಲ್ಲಿ ಬಿಚ್ಚಿದ್ದನ್ನು ಜೋಡಿಸಲು ಎರಡು ದಿನ ಬೇಕಾಗುವುದುಂಟು. ಬಿಚ್ಚಿದ ಪ್ರತಿ ಬೋಲ್ಟನ್ನೂ ಮತ್ತೆ ಹಾಕಬೇಕಾದವರು ನೀವೇ. ಆದ್ದರಿಂದ ದಾರಿಯೂ ವಾಹನವೂ ಎಷ್ಟು ದೊಡ್ಡ ತುಂಡನ್ನು ಬಿಡುತ್ತವೆಯೋ ಅಷ್ಟು ದೊಡ್ಡ ತುಂಡಿನಲ್ಲೇ ಒಯ್ಯಿರಿ ಎಂಬುದು ನಮ್ಮ ಸಲಹೆ. ಕೆಳಗಿನ ಅಳತೆಗಳೆಲ್ಲ ಸುಮಾರು 1.9 ಮೀಟರ್ ಅಗಲ, 2.5 ಮೀಟರ್ ಉದ್ದದ, ಅಂದರೆ ಆರು ಅಡಿಗೆ ಎಂಟು ಅಡಿಯ, ಅಲ್ಯೂಮಿನಿಯಂ ಚೌಕಟ್ಟಿನ ಗಾಜಿನ ಹಸಿರುಮನೆಗೆ ಸಂಬಂಧಿಸಿದವು. ನಿಮ್ಮದು ದೊಡ್ಡದಿದ್ದರೆ ಅದಕ್ಕೆ ತಕ್ಕಂತೆ ಹೆಚ್ಚಿಸಿಕೊಳ್ಳಿ.

ತೀರ್ಮಾನಕ್ಕೆ ಮೊದಲು ನೋಡಬೇಕಾದ್ದು

ಮೊದಲನೆಯದು ದಾರಿ. ಗೇಟಿನ ಅಗಲವನ್ನು ಎಲ್ಲರೂ ಅಳೆಯುತ್ತಾರೆ, ತಿರುವನ್ನು ಅಳೆಯುವವರು ಕಡಿಮೆ. ಒಂದೇ ಅಗಲದ ಎರಡು ಓಣಿಗಳು ನೇರ ಮೂಲೆಯಲ್ಲಿ ಕೂಡುವ ಕಡೆ ತಿರುಗಬಲ್ಲ ವಸ್ತುವಿನ ಗರಿಷ್ಠ ಉದ್ದ ಓಣಿಯ ಅಗಲದ ಸುಮಾರು 2.8 ಪಟ್ಟು, ಅದೂ ಆ ವಸ್ತುವಿಗೆ ದಪ್ಪವೇ ಇಲ್ಲ ಎಂದುಕೊಂಡರೆ. 90 ಸೆಂ.ಮೀ. ಓಣಿಯಲ್ಲಿ ಇದು 2.5 ಮೀಟರ್ ಆಗುತ್ತದೆ. ಅಂದರೆ ನಮ್ಮ ಉದಾಹರಣೆಯ ಉದ್ದಗೋಡೆ ಅಲ್ಲಿ ಸಿಕ್ಕಿಹಾಕಿಕೊಳ್ಳುವುದು ಖಚಿತ. ಕಾಂಪೌಂಡಿನ ಮೇಲಿಂದ ದಾಟಿಸುವ ಅವಕಾಶ ಇದೆಯೇ ನೋಡಿ. ಗಾಜಿಲ್ಲದ ಗೋಡೆಯ ತೂಕ ಹತ್ತು ಕೆ.ಜಿ. ಆಸುಪಾಸು ಇರುವುದರಿಂದ ಇಬ್ಬರು ಈಚೆ, ಇಬ್ಬರು ಆಚೆ ನಿಂತರೆ ಸಾಕು.

ಎರಡನೆಯದು ಬೋಲ್ಟುಗಳ ಸ್ಥಿತಿ. ಕೊಳ್ಳುವ ಮೊದಲೇ 10 ಮಿ.ಮೀ. ಸ್ಪ್ಯಾನರ್ ತೆಗೆದುಕೊಂಡು ಹೋಗಿ, ತಳದ ಒಂದು ಮೂಲೆಯಲ್ಲಿ ಮತ್ತು ಸೂರಿನ ಒಂದು ಕಡೆಯಲ್ಲಿ ನಟ್ಟು ತಿರುಗುತ್ತದೆಯೇ ಎಂದು ಕೇಳಿಕೊಂಡು ಪರೀಕ್ಷಿಸಿ. ಈ ಬಗೆಯ ಮನೆಗಳಲ್ಲಿ ಸಾಮಾನ್ಯವಾಗಿ ಇರುವುದು 6 ಮಿ.ಮೀ. ಅಲ್ಯೂಮಿನಿಯಂ ಬೋಲ್ಟು. ಬಿಳಿ ಪುಡಿಯಂಥ ತುಕ್ಕು ಹಿಡಿದು ನಟ್ಟು ಅಂಟಿಕೊಂಡಿದ್ದರೆ ತಿರುಗುವ ಬದಲು ಬೋಲ್ಟೇ ಮುರಿಯುತ್ತದೆ. ಮುರಿದರೆ ನಷ್ಟವೇನೂ ದೊಡ್ಡದಲ್ಲ, ಹೊಸ ಬೋಲ್ಟು ಅಗ್ಗ. ಆದರೆ ನೂರರ ಆಸುಪಾಸು ಬೋಲ್ಟುಗಳೂ ಹೀಗೇ ಇದ್ದರೆ ಬಿಡಿಬಿಡಿಯಾಗಿ ಬಿಚ್ಚುವ ಯೋಚನೆಯನ್ನು ಅಲ್ಲಿಗೇ ಕೈಬಿಡಿ.

ಮೂರನೆಯದು ಗಾಜು. ಮೂಲೆಯಲ್ಲಿ ಸಣ್ಣ ಮುದ್ರೆಯಿದ್ದು ಅಂಚು ನುಣುಪಾಗಿದ್ದರೆ ಟಫನ್ಡ್ ಗಾಜು, ಅಂದರೆ ಕಾಯಿಸಿ ಗಟ್ಟಿಗೊಳಿಸಿದ್ದು. ಅಂಚು ಚೂಪಾಗಿದ್ದು ಮುದ್ರೆಯಿಲ್ಲದಿದ್ದರೆ ಬಹುಮಟ್ಟಿಗೆ ಸಾಧಾರಣ ಗಾಜು. ಸಾಧಾರಣ ಗಾಜು ಒಡೆದರೆ ಉದ್ದುದ್ದ ಚೂರಿಗಳಾಗುತ್ತದೆ, ಆದರೆ ಯಾವ ಗಾಜಿನಂಗಡಿಯಲ್ಲಾದರೂ ಬದಲಿ ಕತ್ತರಿಸಿಕೊಡುತ್ತಾರೆ. ಟಫನ್ಡ್ ಗಾಜು ಕಾಳುಕಾಳಾಗಿ ಉದುರುತ್ತದೆ. ಅದನ್ನು ಆಮೇಲೆ ಕತ್ತರಿಸಲು ಬರುವುದಿಲ್ಲ. ಅಳತೆ ಕೊಟ್ಟು ಹೊಸದನ್ನೇ ಮಾಡಿಸಬೇಕು.

ಇವಲ್ಲದೆ ತಳ ಹೇಗೆ ಬಿಗಿದಿದೆ (ತಿರುಪಿನಲ್ಲೋ, ಕಾಂಕ್ರೀಟಿನೊಳಗೆ ಹೂತೋ), ಎಷ್ಟು ಕೈಗಳು ಸಿಗುತ್ತವೆ, ಮಾರುವವರು ಎಷ್ಟು ಹೊತ್ತು ಕೊಡುತ್ತಾರೆ, ತಯಾರಕರ ಜೋಡಣೆಯ ಪುಸ್ತಿಕೆ ಇದೆಯೇ ಎಂಬುದನ್ನೂ ತಿಳಿದುಕೊಳ್ಳಿ. ಬಿಡಿಬಿಡಿಯಾಗಿ ಬಿಚ್ಚುವವರಿಗೆ ಪುಸ್ತಿಕೆ ಬೇಕೇ ಬೇಕು. ಗೋಡೆಗೋಡೆಯಾಗಿ ಒಯ್ಯುವವರು ಫೋಟೋಗಳಲ್ಲೇ ನಿಭಾಯಿಸಬಹುದು.

ಯಾವ ದಾರಿ ಹಿಡಿದರೂ ಮೊದಲು ಗಾಜು

ಈ ಅಳತೆಯ ಮನೆಯಲ್ಲಿ 17ರಿಂದ 18 ಚದರ ಮೀಟರ್ ಗಾಜಿರುತ್ತದೆ. 3 ಮಿ.ಮೀ. ಗಾಜು ಚದರ ಮೀಟರಿಗೆ 7.5 ಕೆ.ಜಿ., 4 ಮಿ.ಮೀ. ಗಾಜು 10 ಕೆ.ಜಿ. ತೂಗುತ್ತದೆ. ಒಟ್ಟು 130ರಿಂದ 180 ಕೆ.ಜಿ. ಆಯಿತು. ಚೌಕಟ್ಟು ಮಾತ್ರ 40–50 ಕೆ.ಜಿ. ಆದ್ದರಿಂದ ಗಾಜಿನ ಸಮೇತ ಗೋಡೆ ಎತ್ತುತ್ತೇವೆ ಎಂಬ ಮಾತೇ ಬೇಡ. ಚೌಕಟ್ಟು ಸ್ವಲ್ಪ ತಿರುಚಿದರೂ ಗಾಜು ಸಿಡಿಯುತ್ತದೆ.

ಗಾಳಿಯಿಲ್ಲದ, ಒಣ ದಿನವನ್ನೇ ಆರಿಸಿ. ಗಾಜೇ ಈ ಚೌಕಟ್ಟಿನ ಅರ್ಧ ಬಲ. ಅರ್ಧ ಗಾಜು ತೆಗೆದು ರಾತ್ರಿ ಬಿಟ್ಟುಹೋದ ಮನೆಯೊಳಗೆ ಗಾಳಿ ನುಗ್ಗಿದರೆ ಉಳಿದ ಗಾಜೂ ಹೋಗುತ್ತದೆ, ಪಟ್ಟಿಗಳೂ ಬಾಗುತ್ತವೆ. ಶುರುಮಾಡಿದ ದಿನವೇ ಗಾಜನ್ನೆಲ್ಲ ಇಳಿಸಿ ಮುಗಿಸಿ. ಇಬ್ಬರಿಗೆ ಅರ್ಧ ದಿನದ ಕೆಲಸ.

ಕ್ರಮ ಹೀಗೆ. ಮೊದಲು ಬಾಗಿಲು ಮತ್ತು ಗಾಳಿಕಿಂಡಿಗಳನ್ನು ಕಳಚಿ. ಕಿಂಡಿಗೆ ಬಿಸಿಲಿಗೆ ತಾನೇ ತೆರೆದುಕೊಳ್ಳುವ ಮೇಣದ ಸಿಲಿಂಡರ್ ಇದ್ದರೆ ಬೆಳಗಿನ ತಂಪಿನಲ್ಲೇ ಬಿಚ್ಚಿ, ಏಕೆಂದರೆ ಬಿಸಿಯೇರಿದ ಮೇಲೆ ಒಳಗಿನ ಮೇಣ ಹಿಗ್ಗಿ ದಂಡವನ್ನು ಹೊರಕ್ಕೆ ತಳ್ಳುತ್ತಿರುತ್ತದೆ. ನಂತರ ಮಾಡಿನ ಗಾಜು. ತಲೆಯ ಮೇಲಿನದು ಹೋದ ಮೇಲೆ ಒಳಗೆ ನಿಂತು ಗೋಡೆಯ ಗಾಜು ತೆಗೆಯುವುದು ಸುರಕ್ಷಿತ. ಗಾಜುಗಳು ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಕೂತಿರುತ್ತವೆ: ಮೇಲಿನದರ ಕೆಳಅಂಚು ಕೆಳಗಿನದರ ಮೇಲಂಚನ್ನು ಮುಚ್ಚುತ್ತದೆ. ಹಾಗಾಗಿ ತೆಗೆಯುವಾಗ ಮೇಲಿನಿಂದ ಕೆಳಕ್ಕೆ, ಹಾಕುವಾಗ ಕೆಳಗಿನಿಂದ ಮೇಲಕ್ಕೆ.

ಗಾಜನ್ನು ಪಟ್ಟಿಗೆ ಒತ್ತಿ ಹಿಡಿಯುವುದು ‘ಡಬ್ಲ್ಯು’ ಆಕಾರದ ತಂತಿ ಕ್ಲಿಪ್ಪು. ಎರಡು ಗಾಜು ಸೇರುವ ಕಡೆ ಜಾರದಂತೆ ತಡೆಯುವುದು ‘ಝೆಡ್’ ಆಕಾರದ ತಗಡಿನ ಕೊಂಡಿ. ತಂತಿ ಕ್ಲಿಪ್ಪಿನ ಒಂದು ತುದಿಯನ್ನು ಒಳಕ್ಕೆ ಒತ್ತಿ ಬಿಡಿಸಿದ ತಕ್ಷಣ ಅದು ಚಿಮ್ಮುತ್ತದೆ. ಅದಕ್ಕೇ ಕನ್ನಡಕ, ದಪ್ಪ ಕೈಗವಸು, ತುಂಬುತೋಳು, ಗಟ್ಟಿ ಅಟ್ಟೆಯ ಶೂ. ಪಾಚಿಯಿಂದ ಅಂಟಿಕೊಂಡ ಗಾಜಿನ ಸಂದಿಗೆ ಸೋಪಿನ ನೀರು ಬಿಟ್ಟು ಹತ್ತು ನಿಮಿಷ ಕಾದು, ತೆಳು ಪ್ಲಾಸ್ಟಿಕ್ ಕಾರ್ಡು ತೂರಿಸಿ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಮೂಲೆ ಚಿಪ್ಪೇಳುತ್ತದೆ. ಟಫನ್ಡ್ ಗಾಜಾದರೆ ಇಡೀ ಹಾಳೆಯೇ ಹೋಗುತ್ತದೆ. ಸಿಲಿಕೋನ್ ಹಚ್ಚಿದ್ದರೆ ಉದ್ದ ಬ್ಲೇಡಿನಿಂದ ಕೊಯ್ಯಬೇಕು, ಬೇರೆ ಉಪಾಯವಿಲ್ಲ. ಮರದ ಚೌಕಟ್ಟಿನಲ್ಲಿ ಗಟ್ಟಿಯಾದ ಪುಟ್ಟಿಯಿಂದ ಕೂರಿಸಿದ ಗಾಜು ಇಡಿಯಾಗಿ ಬರುವುದು ಅಪರೂಪ. ಅದರ ಆಸೆ ಬಿಟ್ಟೇ ಬೆಲೆ ಮಾತಾಡಿ.

ಇಳಿಸಿದ ಗಾಜನ್ನು ಮಲಗಿಸಬೇಡಿ. ಉದ್ದದ ಅಂಚು ಕೆಳಗೆ ಬರುವಂತೆ ಹಲಗೆಯ ಮೇಲೋ ಹಳೆಯ ಜಮಖಾನೆಯ ಮೇಲೋ ನಿಲ್ಲಿಸಿ, ಪ್ರತಿ ಎರಡರ ನಡುವೆ ರಟ್ಟು ಇಡಿ. ಬರಿ ಕಾಂಕ್ರೀಟಿನ ಮೇಲೆ ಅಂಚು ತಾಗಿದರೆ ಟಫನ್ಡ್ ಗಾಜು ಸಿಡಿಯಲು ಅಷ್ಟೇ ಸಾಕು. ವಾಹನದಲ್ಲೂ ನಿಂತಂತೆಯೇ, ಹಾಳೆಗಳು ಪ್ರಯಾಣದ ದಿಕ್ಕಿಗೆ ಸಮಾನಾಂತರವಾಗಿ, ಬೆಲ್ಟಿನಿಂದ ಬಿಗಿದು ಸಾಗಿಸಿ. ಎಲ್ಲ ಗಾಜನ್ನೂ ಒಂದೇ ಕಟ್ಟು ಮಾಡಬೇಡಿ. ಒಬ್ಬರು ಎತ್ತಬಹುದಾದ 20 ಕೆ.ಜಿ. ಗುಂಪುಗಳು ಅನುಕೂಲ. ಒದ್ದೆ ಪತ್ರಿಕೆಯ ಹಾಳೆ ಗಾಜಿಗೆ ಅಂಟಿ ಕಲೆಯಾಗುತ್ತದೆ, ರಟ್ಟೇ ವಾಸಿ.

ಗೋಡೆಗೋಡೆಯಾಗಿ ಕಳಚುವುದು

ಹೆಚ್ಚಿನವರಿಗೆ ಸರಿಹೊಂದುವ ದಾರಿ ಇದು. ಎರಡು ಉದ್ದಗೋಡೆ, ಎರಡು ತುದಿಗೋಡೆ, ಮಾಡಿನ ಪಟ್ಟಿಗಳ ಒಂದು ಕಂತೆ: ಐದೇ ಸಾಮಾನು. ಬಿಚ್ಚಬೇಕಾದ್ದು ಮಾಡಿನ ಪಟ್ಟಿಗಳ ಎರಡೂ ತುದಿ, ನೆತ್ತಿಪಟ್ಟಿಯ (ಮಾಡಿನ ಎರಡು ಇಳಿಜಾರು ಕೂಡುವ ಕಡೆಯ ಪಟ್ಟಿ) ಎರಡು ತುದಿ ಮತ್ತು ನಾಲ್ಕು ಮೂಲೆಗಳು ಮಾತ್ರ. ಗೋಡೆಯೊಳಗಿನ ಓರೆಪಟ್ಟಿಗಳನ್ನೂ ನಡುವಿನ ಗಾಜುಪಟ್ಟಿಗಳನ್ನೂ ಮುಟ್ಟಬೇಕಿಲ್ಲ. ಮೂಲ ಜೋಡಣೆಯ ಮೂಲೆಮಟ್ಟ ಗೋಡೆಗಳಲ್ಲಿ ಹಾಗೇ ಉಳಿಯುವುದರಿಂದ ಹೊಸ ಜಾಗದಲ್ಲಿ ಗಾಜು ಹೊಂದಿಕೊಳ್ಳದೆ ಸತಾಯಿಸುವ ಸಾಧ್ಯತೆ ಕಡಿಮೆ.

ಬಿಚ್ಚುವ ಮುನ್ನಾದಿನ ಮೂಲೆಯ ಮತ್ತು ಸೂರಿನ ನಟ್ಟುಗಳಿಗೆ ತುಕ್ಕು ಸಡಿಲಿಸುವ ಎಣ್ಣೆ ಸಿಂಪಡಿಸಿಡಲು ಮಾರುವವರನ್ನು ಕೇಳಿಕೊಳ್ಳಿ. ಗಾಜು ಇಳಿದ ಮೇಲೆ ನಡುವಿನ ಮಾಡಿನ ಪಟ್ಟಿಗಳನ್ನು ತೆಗೆಯಿರಿ. ಒಬ್ಬರು ಏಣಿಯ ಮೇಲೆ ನೆತ್ತಿಪಟ್ಟಿಯನ್ನು ಹಿಡಿದಿರಲಿ, ಇನ್ನೊಬ್ಬರು ಅದರ ತುದಿಯ ಬೋಲ್ಟು ಬಿಡಿಸಲಿ. ಅದು ಇಳಿದ ಮೇಲೆ ತುದಿಗೋಡೆಗಳಿಗೆ ಮೂಲೆಯ ಬೋಲ್ಟುಗಳ ಹೊರತು ಬೇರೆ ಆಸರೆಯಿಲ್ಲ. ಹಾಗಾಗಿ ಮೂಲೆ ಬಿಚ್ಚುವಾಗ ಪ್ರತಿ ತುದಿಗೋಡೆಯನ್ನು ಒಬ್ಬರು ಹಿಡಿದೇ ಇರಬೇಕು. ಇಬ್ಬರಿಂದ ಆಗುವ ಕೆಲಸವೇ, ಆದರೆ ಈ ಒಂದು ಗಂಟೆಗೆ ಮೂರನೆಯವರು ಇರಲಿ.

ಎಡವಟ್ಟಾಗುವುದು ಬಾಗಿಲಿರುವ ಗೋಡೆಯಲ್ಲಿ. ಬಾಗಿಲು ತೆಗೆದ ಮೇಲೆ ಅದರ ಕೆಳಭಾಗ ಕಾಲು ಅಗಲಿಸಿ ನಿಂತಂತಾಗುತ್ತದೆ. ಮೂಲೆ ಬಿಚ್ಚುವ ಮೊದಲೇ ತಳಕ್ಕೆ ಅಡ್ಡಲಾಗಿ ಒಂದು, ಕರ್ಣವಾಗಿ ಒಂದು ಮರದ ರೀಪು ಕಟ್ಟಿ. ಗೋಡೆಗಳನ್ನು ಯಾವಾಗಲೂ ನಿಲ್ಲಿಸಿಯೇ ಹೊರಿ. ಮಲಗಿಸಿ ಎರಡು ತುದಿ ಹಿಡಿದರೆ ನಡು ಜೋಲುತ್ತದೆ, ಒಮ್ಮೆ ಬಾಗಿದ ಅಲ್ಯೂಮಿನಿಯಂ ಪಟ್ಟಿಯನ್ನು ಮತ್ತೆ ಸರಿಯಾಗಿ ನೇರ ಮಾಡಲಾಗದು. ವಾಹನದ ತಟ್ಟೆ 2.5 ಮೀಟರ್ ಉದ್ದವಿರಬೇಕು. ಹಿಂದೆ ಚಾಚಿದರೆ ಪರವಾಗಿಲ್ಲ ಎನ್ನುವವರಿದ್ದಾರೆ, ಆದರೆ ಚಾಚಿದ ತುದಿ ಪ್ರತಿ ಉಬ್ಬಿನಲ್ಲೂ ಕುಣಿದು ಬೋಲ್ಟಿನ ತೂತುಗಳನ್ನು ಅಗಲಿಸುತ್ತದೆ.

ಮರು ಜೋಡಣೆ ತಳ ಸಿದ್ಧವಿದ್ದರೆ ಒಂದು ದಿನದ ಕೆಲಸ, ಗಾಜು ಕೂರಿಸಲು ಇನ್ನೊಂದು ದಿನ.

ಬಿಡಿಬಿಡಿಯಾಗಿ ಬಿಚ್ಚುವುದು

ದಾರಿ ಕಿರಿದಾಗಿದ್ದು ಗೋಡೆ ಹೊರಬರದಿದ್ದರೆ, ಸಣ್ಣ ಕಾರಿನ ಮಾಡಿನ ಮೇಲಷ್ಟೇ ಸಾಗಿಸುವುದಾದರೆ, ಅಥವಾ ತಿಂಗಳುಗಟ್ಟಲೆ ಶೆಡ್ಡಿನಲ್ಲಿ ಇಡಬೇಕಿದ್ದರೆ ಇದೇ ಗತಿ. ಲಾಭವೂ ಇದೆ: ಪ್ರತಿ ಪಟ್ಟಿಯನ್ನೂ ತೊಳೆದು, ಗಾಜಿನ ಕೆಳಗಿನ ಗಟ್ಟಿಯಾದ ರಬ್ಬರ್ ಪಟ್ಟಿ ಕಿತ್ತು ಹೊಸದು ಹಾಕಬಹುದು. ಪೂರ್ತಿ ದುರಸ್ತಿ ಬೇಕಾದ ಮನೆಗೆ ಇದು ಸರಿ. ಸಾಗಾಟಕ್ಕೆ ಹಣ ಕಡಿಮೆ ಖರ್ಚಾಗುತ್ತದೆ, ದಿನಗಳು ಹೆಚ್ಚು.

ಇಲ್ಲಿ ಎಲ್ಲವೂ ಗುರುತಿನ ಮೇಲೆ ನಿಂತಿದೆ. ಮಾಸ್ಕಿಂಗ್ ಟೇಪು ಬಿಸಿಲಿಗೆ ಅಂಟಾಗಿ ಉದುರುತ್ತದೆ, ಸಾಮಾನ್ಯ ಮಾರ್ಕರ್ ಪಟ್ಟಿ ತೊಳೆಯುವಾಗ ಹೋಗುತ್ತದೆ. ಪೇಂಟ್ ಮಾರ್ಕರ್ ಬಳಸಿ. ಒಳಮೈಯಲ್ಲಿ, ಗಾಜು ಮುಚ್ಚದ ಕಡೆ ಬರೆಯಿರಿ. ಹೆಸರಿಡುವ ಸರಳ ಪದ್ಧತಿ: ಬಾಗಿಲಿಗೆ ಮುಖಮಾಡಿ ಹೊರಗೆ ನಿಂತಾಗ ಎಡಗೋಡೆ ‘ಎ’, ಬಲಗೋಡೆ ‘ಬ’, ಎಡಮಾಡು ‘ಎಮಾ’, ಬಲಮಾಡು ‘ಬಮಾ’, ಬಾಗಿಲ ಕಡೆಯಿಂದ 1, 2, 3. ‘ಮೇಲೆ’ ಎಂದು ಬಾಣದ ಗುರುತನ್ನೂ ಹಾಕಿ, ಏಕೆಂದರೆ ಹಲವು ಪಟ್ಟಿಗಳ ಎರಡು ತುದಿಯ ತೂತುಗಳು ನೋಡಲು ಒಂದೇ ಥರ ಇದ್ದರೂ ಒಂದೆರಡು ಮಿಲಿಮೀಟರ್ ಆಚೀಚೆ ಇರುತ್ತವೆ. ಬಿಚ್ಚುವ ಮೊದಲು ಪ್ರತಿ ಮೂಲೆಯ ಒಳಗಿನಿಂದ ಒಂದು, ಹೊರಗಿನಿಂದ ಒಂದು ಫೋಟೋ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು.

ಜೋಡಿಸುವಾಗ ಎಲ್ಲರೂ ಮುಗ್ಗರಿಸುವ ಜಾಗ ಒಂದಿದೆ. ಬೋಲ್ಟಿನ ತಲೆ ಪಟ್ಟಿಯ ಉದ್ದಕ್ಕೂ ಇರುವ ತೋಡಿನೊಳಗೆ ತುದಿಯಿಂದ ಜಾರಿಬರಬೇಕು. ಮುಂದೆ ಕಿಂಡಿಗೋ ಓರೆಪಟ್ಟಿಗೋ ಬೇಕಾಗುವ ಬೋಲ್ಟನ್ನು ಮೊದಲೇ ಜಾರಿಸಿಡದೆ ತುದಿ ಮುಚ್ಚಿಬಿಟ್ಟರೆ ಆ ಮೂಲೆಯನ್ನು ಮತ್ತೆ ಬಿಚ್ಚಬೇಕು. ಎರಡು ಬದಿ ಕತ್ತರಿಸಿದ ತಲೆಯ ಬೋಲ್ಟುಗಳು ಸಿಗುತ್ತವೆ. ಅವನ್ನು ತೋಡಿನ ನಡುವೆಯೇ ತೂರಿಸಿ ಕಾಲು ಸುತ್ತು ತಿರುಗಿಸಿದರೆ ಕಚ್ಚಿಕೊಳ್ಳುತ್ತವೆ. ಒಂದಿಪ್ಪತ್ತು ತಂದಿಟ್ಟುಕೊಳ್ಳಿ. ಎಲ್ಲ ನಟ್ಟುಗಳನ್ನೂ ಮೊದಲು ಬೆರಳಿನಲ್ಲಷ್ಟೇ ಬಿಗಿದು, ಇಡೀ ಮನೆ ನಿಂತು ಕರ್ಣಗಳು ಸಮವಾದ ಮೇಲೆ ಸ್ಪ್ಯಾನರ್ ಹಿಡಿಯಿರಿ. ಜೋರು ಮಾಡಿದರೆ ಅಲ್ಯೂಮಿನಿಯಂ ಬೋಲ್ಟು ತುಂಡಾಗುತ್ತದೆ. ಕೈಗೆ ಸಿಕ್ಕಿತೆಂದು ಸಾಧಾರಣ ಕಬ್ಬಿಣದ ಬೋಲ್ಟು ಹಾಕಬೇಡಿ: ತೇವದಲ್ಲಿ ಎರಡು ಲೋಹ ಸೇರಿದ ಕಡೆ ಅಲ್ಯೂಮಿನಿಯಂ ಬೇಗ ಸವೆಯುತ್ತದೆ.

ಇಡಿಯಾಗಿ ಎತ್ತುವುದು

ಅದೇ ತೋಟದಲ್ಲಿ ಈ ಮೂಲೆಯಿಂದ ಆ ಮೂಲೆಗೆ, ಅಥವಾ ನಡುವೆ ತಡೆಯಿಲ್ಲದ ಪಕ್ಕದ ಜಾಗಕ್ಕೆ ಒಯ್ಯುವುದಾದರೆ ಇದಕ್ಕಿಂತ ಅಗ್ಗದ, ಬೇಗದ ದಾರಿಯಿಲ್ಲ. ಗಾಜು, ಬಾಗಿಲು, ಕಿಂಡಿ ಎಲ್ಲ ತೆಗೆದು, ತಳದ ತಿರುಪು ಬಿಚ್ಚಿ, ನಾಲ್ಕೂ ಕಡೆ ಮತ್ತು ತಳದ ಕರ್ಣದಲ್ಲಿ ರೀಪು ಕಟ್ಟಿ. ಮೂಲೆಗೊಬ್ಬರಂತೆ ನಾಲ್ವರು, ಹಿಡಿಯುವುದು ಮೂಲೆಯ ಕಂಬ ಮತ್ತು ತಳಪಟ್ಟಿಯನ್ನು, ನಡುವಿನ ಗಾಜುಪಟ್ಟಿಯನ್ನಲ್ಲ. ಒಬ್ಬರೇ ಆಜ್ಞೆ ಕೊಡಲಿ, ಎಲ್ಲರೂ ಒಟ್ಟಿಗೆ ಎತ್ತಿ ಒಟ್ಟಿಗೆ ಇಳಿಸಲಿ. ಒಂದು ಮೂಲೆ ಮೊದಲು ನೆಲ ತಾಗಿದರೆ ಚೌಕಟ್ಟು ತಿರುಚುತ್ತದೆ. 3 ಮೀಟರಿಗಿಂತ ಉದ್ದದ ಮನೆಗಾಗಲಿ, ತಳಪಟ್ಟಿ ತುಕ್ಕಿಗೆ ತೂತಾದ ಮನೆಗಾಗಲಿ ಈ ಉಪಾಯ ಬೇಡ.

ಕೂಲಿಗೆ ಒಪ್ಪಿಸುವುದು

ಟಫನ್ಡ್ ಗಾಜಿನ ದೊಡ್ಡ ಮನೆ, ಜೊತೆಗೆ ಸಹಾಯಕ್ಕೆ ಯಾರೂ ಇಲ್ಲ ಎಂದಾದರೆ ಇದು ದುಬಾರಿ ಅನಿಸಿದರೂ ಲೆಕ್ಕಕ್ಕೆ ಬರುತ್ತದೆ. ಸಣ್ಣ ಹಳೆಯ ಮನೆಗೆ ಮಾತ್ರ ಕೂಲಿಯೇ ಮನೆಯ ಬೆಲೆಯನ್ನು ಮೀರಬಹುದು. ಮಾತಾಡುವಾಗ ನಾಲ್ಕು ವಿಷಯ ಬರಹದಲ್ಲಿರಲಿ: ಒಡೆದ ಗಾಜಿಗೆ ಯಾರು ಹೊಣೆ, ಹೊಸ ಕ್ಲಿಪ್ಪು ಮತ್ತು ಬೋಲ್ಟು ಬೆಲೆಯಲ್ಲಿ ಸೇರಿದೆಯೇ, ಜೋಡಣೆಯೂ ಸೇರಿದೆಯೇ, ತಳ ಯಾರು ಮಾಡುತ್ತಾರೆ. ಗಾಜನ್ನು ಅವರೇ ಇಳಿಸಿ ಸಾಗಿಸಲಿ, ಚೌಕಟ್ಟನ್ನು ನೀವು ನೋಡಿಕೊಳ್ಳಿ ಎಂಬ ಅರ್ಧರ್ಧ ಒಪ್ಪಂದವೂ ಸಾಧ್ಯ. ಅಪಾಯವೆಲ್ಲ ಗಾಜಿನಲ್ಲೇ ಇರುವುದರಿಂದ ಅದು ಜಾಣ ಖರ್ಚು.

ಹಳೆಯ ಗಾಜೋ, ಪಾಲಿಕಾರ್ಬೊನೇಟೋ?

ಗಾಜು ಮುಕ್ಕಾಲು ಪಾಲು ಚೆನ್ನಾಗಿದ್ದರೆ ಉಳಿಸಿಕೊಳ್ಳಿ. ಸಾಧಾರಣ ಗಾಜಿನ ಮನೆಯಲ್ಲಿ ಮಕ್ಕಳು ಓಡಾಡುವುದಾದರೆ ಬಾಗಿಲು ಮತ್ತು ಅದರ ಅಕ್ಕಪಕ್ಕಕ್ಕಷ್ಟೇ ಟಫನ್ಡ್ ಹಾಕಿಸುವುದು ಮಧ್ಯಮ ಬಜೆಟ್ಟಿನ ದಾರಿ.

ಪೊಳ್ಳು ಪದರದ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ ಶೀಟು 4 ಮಿ.ಮೀ. ಆದರೆ ಚದರ ಮೀಟರಿಗೆ ಸುಮಾರು 0.8 ಕೆ.ಜಿ. ಮಾತ್ರ. ಇಡೀ ಮನೆಗೆ 15 ಕೆ.ಜಿ. ಒಡೆಯುವ ಭಯವಿಲ್ಲ, ಶಾಖವನ್ನು ಗಾಜಿಗಿಂತ ಚೆನ್ನಾಗಿ ಹಿಡಿದಿಡುತ್ತದೆ, ಬೆಳಕನ್ನು ಸ್ವಲ್ಪ ಕಡಿಮೆ ಬಿಡುತ್ತದೆ. ಹಗುರವೇ ಅದರ ದೋಷ ಕೂಡ. ಗಾಳಿಗೆ ಶೀಟು ಬಾಗಿ ಕ್ಲಿಪ್ಪಿನಿಂದ ಹೊರಗೆ ಹಾರುತ್ತದೆ. ಗಾಜಿಗೆ ನಾಲ್ಕು ಕ್ಲಿಪ್ಪಿದ್ದ ಕಡೆ ಎಂಟು ಬೇಕು, ಮನೆಯನ್ನು ನೆಲಕ್ಕೆ ಇನ್ನೂ ಗಟ್ಟಿಯಾಗಿ ಬಿಗಿಯಬೇಕು. 3 ಮಿ.ಮೀ. ಗಾಜಿಗೆ ಮಾಡಿದ ಪಟ್ಟಿಗೆ ಸಾಮಾನ್ಯವಾಗಿ 4 ಮಿ.ಮೀ. ಶೀಟು ಹೊಂದುತ್ತದೆ, 6 ಮಿ.ಮೀ. ಹೊಂದುವುದಿಲ್ಲ. ಈ ಪ್ಲಾಸ್ಟಿಕ್ಕು ಪ್ರತಿ ಡಿಗ್ರಿಗೆ ಮೀಟರಿಗೆ 0.065 ಮಿ.ಮೀ. ಹಿಗ್ಗುತ್ತದೆ: 1.4 ಮೀಟರ್ ಶೀಟು 40 ಡಿಗ್ರಿ ಏರಿಳಿತದಲ್ಲಿ ಮೂರೂವರೆ ಮಿಲಿಮೀಟರಿಗೂ ಹೆಚ್ಚು. ಅಷ್ಟು ಕಡಿಮೆ ಮಾಡಿಯೇ ಕತ್ತರಿಸಿ. ಶೀಟಿನೊಳಗಿನ ಪೊಳ್ಳು ಕೊಳವೆಗಳು ಮೇಲಿಂದ ಕೆಳಕ್ಕೆ ಇರಲಿ, ಮೇಲಿನ ತುದಿ ಪೂರ್ತಿ ಮುಚ್ಚಿ, ಕೆಳಗಿನ ತುದಿಗೆ ಗಾಳಿಯಾಡುವ ಟೇಪು. ಯುವಿ (ಬಿಸಿಲಿನ ಅತಿನೇರಳೆ ಕಿರಣ) ತಡೆಯುವ ಪದರವಿರುವ ಮೈ ಹೊರಗೆ. ಬಳಸಿದ ಶೀಟು ಕೊಳ್ಳುವುದಾದರೆ ಯಾವ ಮೈ ಯಾವುದೆಂದು ಬಿಚ್ಚುವಾಗಲೇ ಗುರುತು ಹಾಕಿ, ಆಮೇಲೆ ಕಣ್ಣಿಗೆ ತಿಳಿಯುವುದಿಲ್ಲ. ಹಳದಿಯಾಗಿ ಬೆರಳೊತ್ತಿದರೆ ಸೀಳುವ ಶೀಟನ್ನು ಬಿಟ್ಟಿ ಕೊಟ್ಟರೂ ತರಬೇಡಿ.

ಪ್ಲಾಸ್ಟಿಕ್ ಹಾಳೆ ಹೊದಿಸಿದ ಕಬ್ಬಿಣದ ಪೈಪಿನ ಪಾಲಿಹೌಸ್ ಆದರೆ ಲೆಕ್ಕವೇ ಬೇರೆ: ಕೊಳ್ಳುತ್ತಿರುವುದು ಪೈಪು ಮತ್ತು ಹಾಳೆ ಹಿಡಿಯುವ ಪಟ್ಟಿ, ಅಷ್ಟೇ. 200 ಮೈಕ್ರಾನ್ ಹಾಳೆಯ ಆಯುಷ್ಯ ಮೂರ್ನಾಲ್ಕು ವರ್ಷ, ಒಮ್ಮೆ ಬಿಚ್ಚಿದ ಹಾಳೆಯನ್ನು ಅದೇ ಬಿಗಿಯಲ್ಲಿ ಮತ್ತೆ ಎಳೆಯಲಾಗದು. ಕಾಂಕ್ರೀಟಿನಲ್ಲಿ ಹೂತ ಕಾಲುಗಳನ್ನು ಅಗೆಯುವ ಕೂಲಿಗಿಂತ ಹೊಸ ಕಾಲು ಅಗ್ಗ ಬೀಳುವುದುಂಟು. ನೆಲಮಟ್ಟದಲ್ಲಿ ಕೊಯ್ಯುವ ಮೊದಲು ಎರಡನ್ನೂ ವಿಚಾರಿಸಿ.

ತಳ, ಮತ್ತು ಬೇಡ ಎನ್ನಬೇಕಾದ ಸಂದರ್ಭ

ಹೊಸ ತಳ ಸಾಗಾಟಕ್ಕೆ ಮೊದಲೇ ಸಿದ್ಧವಾಗಿರಲಿ. ಅಳತೆಯನ್ನು ಜಾಹೀರಾತಿನಿಂದಲ್ಲ, ನಿಂತಿರುವ ಮನೆಯ ತಳಪಟ್ಟಿಯ ಹೊರಅಂಚಿನಿಂದಲೇ ತೆಗೆದುಕೊಳ್ಳಿ. ‘ಆರಕ್ಕೆ ಎಂಟು’ ಎಂಬ ಹೆಸರಿನ ಮನೆಗಳು ಒಂದೊಂದು ತಯಾರಕರಲ್ಲಿ ಒಂದೊಂದು ಅಳತೆ. ರಸಮಟ್ಟ ಇಟ್ಟು ನಾಲ್ಕೂ ಬದಿ ನೋಡಿ, ಎರಡು ಕರ್ಣಗಳನ್ನು ಅಳೆಯಿರಿ. 1.9ಕ್ಕೆ 2.5 ಮೀಟರ್ ತಳಕ್ಕೆ ಎರಡೂ 3.14 ಮೀಟರ್ ಬರಬೇಕು. ಒಂದು ಸೆಂಟಿಮೀಟರ್ ವ್ಯತ್ಯಾಸವಿದ್ದರೂ ಮಾಡಿನ ಕೊನೆಯ ಗಾಜು ಕೂರುವುದಿಲ್ಲ, ಬಾಗಿಲು ಹಳಿಯಲ್ಲಿ ಓಡುವುದಿಲ್ಲ.

ಕ್ಲಿಪ್ಪುಗಳೆಲ್ಲ ತುಕ್ಕು ಹಿಡಿದಿವೆ, ರಬ್ಬರ್ ಹೋಗಿದೆ, ನಾಲ್ಕು ಗಾಜು ಒಡೆದಿದೆ ಎಂಬುದು ಹಿಂಜರಿಯಲು ಕಾರಣವಲ್ಲ, ಬೆಲೆ ಇಳಿಸಲು ಕಾರಣ. ನೆತ್ತಿಪಟ್ಟಿ ಬಾಗಿದ್ದರೆ, ಮೂಲೆಯ ಜೋಡಿಕೆಗಳಲ್ಲಿ ತೂತು ಹರಿದಿದ್ದರೆ, ಬಾಗಿಲ ಹಳಿಯೇ ಇಲ್ಲದಿದ್ದು ಆ ಮಾದರಿಯ ಬಿಡಿಭಾಗ ಸಿಗದಿದ್ದರೆ ಅಥವಾ ವಿಚಿತ್ರ ಅಳತೆಯ ಟಫನ್ಡ್ ಗಾಜಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಕಾಣೆಯಾಗಿದ್ದರೆ ಮುಂದಿನ ಜಾಹೀರಾತು ನೋಡಿ.